ಚಾಕು ಪರೀಕ್ಷೆ

ತಮ್ಮ ಅಂಗಡಿಯ ಚಾಕುವಿನ ಮೇಲೆ ಯಾರಾದರೂ ಅನುಮಾನಪಟ್ಟರೆ ಪಾತ್ರೆ ಅಂಗಡಿಯ ಪಾಪಯ್ಯ ಶೆಟ್ಟರಿಗೆ ಮೈಯೆಲ್ಲ ಉರಿಯುತ್ತಿತ್ತು.

“ಇದು ನಿಜವಾಗ್ಲೂ ಹರಿತ ಇದ್ಯಾ ಶೆಟ್ರೇ?” ತರಕಾರಿ ಚೀಲ ಹಿಡಿದು ಬಂದಿದ್ದ ಹೆಂಗಸು ಕೇಳಿದಳು.

“ಏನಾದ್ರೂ ಕೊಡಿ ತಾಯಿ, ತೋರಿಸೇಬಿಡ್ತೀನಿ!”

ಆಕೆ ಚೀಲದಿಂದ ಕ್ಯಾರೆಟ್ ತೆಗೆದು ಕೊಟ್ಟಳು. ಶೆಟ್ಟರು ಚಕಚಕನೆ ಹೆಚ್ಚಿ ತಟ್ಟೆಗೆ ಹಾಕಿದರು.

“ಕ್ಯಾರೆಟ್ ಬಿಡಿ, ಯಾವ ಚಾಕೂನೂ ಹೆಚ್ಚುತ್ತೆ. ಈರುಳ್ಳಿ?”

ಶೆಟ್ಟರು ಕಣ್ಣೀರು ಸುರಿಸುತ್ತಲೇ ಅದನ್ನೂ ಹೆಚ್ಚಿದರು. ಇನ್ನೊಂದು ಚಾಕುವಿಗೆ ಅರ್ಧ ಕೆಜಿ ಬೀನ್ಸ್ ಬಂತು. ಮತ್ತೊಂದು, ಸಿಹಿಗುಂಬಳದೊಳಕ್ಕೆ ಬೆಣ್ಣೆಯಲ್ಲಿ ಕೂದಲೆಳೆದಷ್ಟು ಸಲೀಸಾಗಿ ಇಳಿಯಿತು.

“ಈಗ ಹೇಳಿ, ಯಾವ್ದು ಕಟ್ಲಿ?” ಶೆಟ್ಟರು ಗೆದ್ದ ಗತ್ತಿನಲ್ಲಿ ಕೇಳಿದರು.

ಆಕೆ ಹೆಚ್ಚಿದ್ದನ್ನೆಲ್ಲ ಚೀಲದಲ್ಲಿದ್ದ ಸ್ಟೀಲ್ ಡಬ್ಬಿಗೆ ತುಂಬಿ ಮುಚ್ಚಳ ಒತ್ತಿದಳು.

“ಎಲ್ಲಾ ಚೆನ್ನಾಗಿವೆ ಶೆಟ್ರೇ. ಯಾವ್ದು ಅಂತ ನಾಳೆ ಬಂದು ಹೇಳ್ತೀನಿ. ನಾಳೆ ನಮ್ಮನೇಲಿ ಹಲಸಿನಕಾಯಿ ಪಲ್ಯ.”