ಅಯ್ನೋರ ಮಗಳ ಭಾಷಣ

ಚೀಟಿ ಬಿಡಿಸಿದ ವಿಜಯಶ್ರೀ ಅದನ್ನು ಎರಡು ಸಲ ಓದಿದಳು. 'ವಿರೋಧ' ಎಂದೇ ಇತ್ತು. ಹೊನ್ನಾಳಿಯ ಅಂತರಕಾಲೇಜು ಚರ್ಚಾ ಸ್ಪರ್ಧೆಗೆ ಕೊಟ್ಟಿದ್ದ ವಿಷಯ: 'ವಿಶ್ವದ ಹುಟ್ಟು ಮತ್ತು ಅಂತ್ಯ ದೇವರಿದ್ದಾನೆ ಎಂಬುದಕ್ಕೆ ಸಾಕ್ಷಿ.' ಗೋವಿನಕೋವಿಯ ವೀರಭದ್ರನ ಗುಡಿಯ ಅರ್ಚಕರ ಮಗಳು ಮೈಕಿನ ಮುಂದೆ ನಿಂತು ಅಲ್ಲ ಎನ್ನಬೇಕು. "ಬದಲಿ ಮಾಡಿಕೊಡ್ರಿ ಮೇಡಂ" ಎಂದು ಕೇಳಿಕೊಂಡಳು. ಕನ್ನಡ ಮೇಡಂ ಆಗಲೇ ಹೆಸರು ಬರೆದು ಕಳಿಸಿಯಾಗಿತ್ತು.

ಎರಡು ದಿನ ಕೂತು ಹೇಗೋ ಒಂದು ಭಾಷಣ ಬರೆದಳು. ಅದನ್ನು ಅಪ್ಪನಿಗೆ ಓದಿ ಹೇಳಿದಳು. ಹಿತ್ತಲ ಕಲ್ಲಿನ ಮೇಲೆ ಕೂತು ಹುಣಸೆಹಣ್ಣಿನಿಂದ ಆರತಿ ತಟ್ಟೆ ತಿಕ್ಕುತ್ತಿದ್ದ ರೇಣುಕಪ್ರಸಾದ್ ಕೊನೆಯವರೆಗೂ ಕೇಳಿಸಿಕೊಂಡರು.

"ಇದು ಸೋಲಾಕೇ ಬರೆದಂಗೈತಲ್ಲ."

"ಮತ್ತೆ ಗೆಲ್ಲಬೇಕಾ? ಊರವರು ಏನಂತಾರೆ ಅಪ್ಪಾಜಿ?"

"ದೇವರಿಲ್ಲ ಅನ್ನು ಅಂತ ನಿನಗ್ಯಾರು ಹೇಳ್ಯಾರೆ? ಇದು ಸಾಕ್ಷಿ ಅಲ್ಲ ಅನ್ನು ಅಂದಾರೆ. ಬರ್ಕೋ." ಕೈಕೆಲಸ ನಿಲ್ಲಿಸದೆಯೇ ಅವರು ಹೇಳುತ್ತ ಹೋದರು. "ಹುಟ್ಟಿದ್ದಕ್ಕೆಲ್ಲ ಹುಟ್ಟಿಸಿದವನು ಒಬ್ಬ ಇರಬೇಕು ಅಂತಾರೆ ಅವರು. ಅವನನ್ನ ಹುಟ್ಟಿಸಿದವರು ಯಾರು ಅಂತ ಕೇಳು. ಅವನು ಯಾವಾಗಲೂ ಇದ್ದ ಅಂತಾರೆ. ಅವನು ಇರಬೌದಾದ್ರೆ ಈ ವಿಶ್ವಾನೇ ಯಾಕೆ ಯಾವಾಗಲೂ ಇದ್ದಿರಬಾರದು ಅನ್ನು. ಮನುಷ್ಯ ಬದುಕಾಕೆ ಅಂತ್ಲೇ ಎಲ್ಲ ಅಳತೆ ಮಾಡಿ ಇಟ್ಟಾನೆ ಅಂತಾರೆ. ಅಷ್ಟು ದೊಡ್ಡ ಆಕಾಶದಾಗೆ ನಾವು ಉಸಿರಾಡೋ ಜಾಗ ಎಷ್ಟೈತೆ ಅಂತ ಕೇಳು. ಇನ್ನು ಕೊನೆ. ನಕ್ಷತ್ರ ಒಂದೊಂದಾಗಿ ಆರಿ ಹೋಗಿ ಎಲ್ಲ ತಣ್ಣಗಾಗಬೌದು ಅಂತ ನಿನ್ನ ಪುಸ್ತಕದಾಗೇ ಐತೆ. ನೋಡಾಕೆ ಒಂದು ಹುಳಾನೂ ಉಳಿಯಂಗಿಲ್ಲ. ಅದ್ರಾಗೆ ಯಾರ ಉದ್ದೇಶ ಕಾಣ್ತದೆ ಅನ್ನು."

ವಿಜಯಶ್ರೀಯ ಪೆನ್ನು ನಿಂತುಹೋಗಿತ್ತು. "ಇದೆಲ್ಲ ಎಲ್ಲಿ ಕಲಿತ್ರಿ?"

"ಇಪ್ಪತ್ತೆರಡು ವರ್ಷದಿಂದ ಆ ಗುಡಿ ಬಾಗಿಲಾಗೆ ಕುಂತೀನಿ. ಕಾಯಿ ಒಡಿಸಾಕೆ ಬರೋರು ಒಬ್ಬರಾದ್ರೆ, ಇವನು ಅದಾನೋ ಇಲ್ಲೋ ಅಂತ ಕೇಳಾಕೆ ಬರೋರು ಇಬ್ಬರು. ಮನೆಗೆ ಬಂದು ನಾನೂ ಯೋಚನೆ ಮಾಡಬೇಕಲ್ಲ."

ಹೊನ್ನಾಳಿಯಲ್ಲಿ ಮೊದಲ ಬಹುಮಾನ ಬಂತು. 'ಅವನನ್ನು ಹುಟ್ಟಿಸಿದವರು ಯಾರು' ಎಂದಾಗ ಹಿಂದಿನ ಸಾಲಿನ ಹುಡುಗರು ಶಿಳ್ಳೆ ಹೊಡೆದರು. ಯಾರೋ ಅದನ್ನು ವಿಡಿಯೊ ಮಾಡಿದ್ದರು. ಮರುದಿನ ಬೆಳಗ್ಗೆ ಅದು ಊರಿನವರ ಮೊಬೈಲುಗಳಲ್ಲೆಲ್ಲ ಓಡಾಡುತ್ತಿತ್ತು. ಹತ್ತು ಗಂಟೆಗೆ ಗುಡಿ ಕಮಿಟಿಯ ಅಧ್ಯಕ್ಷ ಕಲ್ಲೇಶ್ ಮನೆ ಮುಂದೆ ಬೈಕ್ ನಿಲ್ಲಿಸಿ ಒಳಗೆ ಬಂದರು. ಕೂರಿ ಎಂದರೂ ಕೂರಲಿಲ್ಲ.

"ಅಯ್ನೋರೇ, ಇದನ್ನ ಮಗಳಿಗೆ ಹೇಳಿಕೊಟ್ಟೋರು ಯಾರು?"

"ನಾನೇ."

ಕಲ್ಲೇಶ್ ಅಂಥ ಉತ್ತರಕ್ಕೆ ತಯಾರಾಗಿ ಬಂದಿರಲಿಲ್ಲ. "ಮುಂದಿನ ವಾರ ದಾವಣಗೆರೆಯಾಗೆ ಫೈನಲ್ ಐತಂತೆ. ಅಲ್ಲಿ ಅದಲುಬದಲು, ಈಕೆ ದೇವರ ಪರ ಮಾತಾಡಬೇಕಂತೆ. ಗೆದ್ದು ಬಂದ್ರೆ ಊರವರ ಬಾಯಿ ನಾನು ಮುಚ್ಚಿಸ್ತೀನಿ. ಸೋತ್ರೆ ಮಾತ್ರ ನನ್ನ ಕೈಯಾಗಿಲ್ಲ ನೋಡ್ರಿ. ಬೇರೆ ಅಯ್ನೋರನ್ನ ಹುಡುಕೋಣ ಅನ್ನೋರು ಕಮಿಟಿಯಾಗೇ ಅದಾರೆ," ಎಂದು ಹೇಳಿ ಹೊರಟುಹೋದರು.

ವಿಜಯಶ್ರೀಗೆ ಹೆದರಿಕೆಯಾಯಿತು. ಆದರೂ ಒಳಗೊಳಗೆ ಒಂದು ಧೈರ್ಯವಿತ್ತು. ವಿರೋಧವನ್ನೇ ಅಷ್ಟು ಹೇಳಿದ ಅಪ್ಪ ಪರವಾಗಿ ಇನ್ನೆಷ್ಟು ಹೇಳಲಿಕ್ಕಿಲ್ಲ! ಸಂಜೆ ಪೂಜೆಗೆ ಮುಂಚೆ ನೋಟ್‌ಬುಕ್ ಹಿಡಿದು ಗುಡಿಗೆ ಹೋದಳು. ರೇಣುಕಪ್ರಸಾದ್ ಗರ್ಭಗುಡಿಯ ಹೊಸ್ತಿಲ ಹತ್ತಿರ ಕೂತು ಬತ್ತಿ ಹೊಸೆಯುತ್ತಿದ್ದರು.

"ಹೇಳ್ರಿ ಅಪ್ಪಾಜಿ."

"ಕಾರಣ ಇಲ್ದೆ ಏನೂ ಹುಟ್ಟಂಗಿಲ್ಲ. ವಿಶ್ವ ಹುಟ್ಟಾಕೂ ಒಂದು ಕಾರಣ ಬೇಕು..."

"ಅವನಿಗೆ ಕಾರಣ ಯಾರು ಅಂತ ಕೇಳ್ತಾರೆ."

"ಇಷ್ಟು ಅಚ್ಚುಕಟ್ಟಾಗಿ ಎಲ್ಲ ತಾನಾಗೇ ಕೂಡಿ ಬರಾಕೆ ಸಾಧ್ಯ ಇಲ್ಲ ಅನ್ನು."

"ಉಸಿರಾಡೋ ಜಾಗ ಎಷ್ಟೈತೆ ಅಂತಾರೆ. ನೀವೇ ಹೇಳಿದ್ದಲ್ಲ?"

ಮೂರನೆಯದನ್ನು ಶುರು ಮಾಡಿ ಅವರೇ ಅರ್ಧಕ್ಕೆ ಬಿಟ್ಟರು. ಮಾತಿಗಾಗಿ ತಡಕಾಡುವ ಅಪ್ಪನನ್ನು ವಿಜಯಶ್ರೀ ಅಲ್ಲಿಯವರೆಗೆ ನೋಡಿರಲಿಲ್ಲ. ಕೇಳಬಾರದೆಂದುಕೊಂಡರೂ ಕೇಳಿಬಿಟ್ಟಳು: "ನಿಮ್ಮ ಹತ್ರಾನೂ ಸಾಕ್ಷಿ ಇಲ್ಲವಾ?"

"ಇಲ್ಲ," ಎಂದರು ಅವರು, ಮನೆಯಲ್ಲಿ ಸಕ್ಕರೆ ಇಲ್ಲ ಎಂದಷ್ಟೇ ಸಲೀಸಾಗಿ.

"ಆದ್ರೂ ದಿನಾ ಐದಕ್ಕೆ ಎದ್ದು ತಣ್ಣೀರು ಸ್ನಾನ ಮಾಡಿ ಬರ್ತೀರಿ."

"ಬರ್ತೀನಿ."

ಅವರು ಇನ್ನೊಂದು ಬತ್ತಿ ಹೊಸೆದರು.

"ಹಂಗಾದ್ರೆ ದಾವಣಗೆರೆಯಾಗೆ ನಾನು ಏನು ಹೇಳಲಿ?"

"ನಿನಗೆ ಖರೇ ಅನಿಸಿದ್ದಷ್ಟು ಹೇಳು. ಸೋತ್ರೆ ಸೋತು ಬಾ."

"ಕಲ್ಲೇಶಣ್ಣ ಸಿಟ್ಟಾಗ್ತಾರೆ."

"ಆಗ್ತಾರೆ," ಎಂದ ರೇಣುಕಪ್ರಸಾದ್ ಎದ್ದು ನಿಂತು, ಪಂಚೆ ಸರಿ ಮಾಡಿಕೊಂಡು, ಗರ್ಭಗುಡಿಯತ್ತ ತಿರುಗಿದರು. "ಇವನು ಆಗಲ್ಲ."