ತುಂಬುತೋಳಿನ ಅಂಗಿ

ರಾಜ್ಯದ ಅತಿ ವೇಗದ ಬೌಲರ್ ಎಂದು ಏಳು ವರ್ಷ ಮೆರೆದವನು ತನ್ನ ಹಳೆಯ ಕೋಚ್ ಮುಂದೆ ತಲೆ ತಗ್ಗಿಸಿ ನಿಂತಿದ್ದ. ಕೋಚ್ ಮೈದಾನದ ಮೂಲೆಯಲ್ಲಿ ಕುಳಿತು ಹರಿದ ನೆಟ್ ಹೊಲಿಯುತ್ತಿದ್ದರು.

“ಪೇಪರ್‌ನಲ್ಲಿ ನೋಡಿರ್ತೀರಲ್ಲ ಸರ್. ನಂದು ಬೌಲಿಂಗೇ ಅಲ್ವಂತೆ. ಮಾವಿನಕಾಯಿಗೆ ಕಲ್ಲು ಹೊಡೆದಂಗೆ ಕೈ ಮಡಚಿ ಎಸೀತೀನಂತೆ.”

“ಇಷ್ಟು ವರ್ಷ ಆದ್ಮೇಲೆ ಈಗ ಹೆಂಗೆ ಗೊತ್ತಾಯ್ತಂತೆ?”

“ಲ್ಯಾಬಲ್ಲಿ ಅಂಗಿ ಬಿಚ್ಚಿಸಿ ಬೌಲ್ ಮಾಡ್ಸಿದ್ರು. ಬರಿಮೈಲಿ ಮೊಣಕೈ ಮಡಚೋದು ಎಲ್ಲರಿಗೂ ಕಾಣ್ತು. ಸ್ಕ್ರೀನ್ ಕಡೆ ತಿರುಗಿ ನೋಡೋಕೆ ನಂಗೇ ಮುಖ ಇರ್ಲಿಲ್ಲ. ಇನ್ನು ಬೌಲ್ ಮಾಡೋ ಹಾಗಿಲ್ಲ ಅಂತ ಬರೆದು ಕೊಟ್ರು.”

ಕೋಚ್ ಕೈಯಲ್ಲಿದ್ದ ಸೂಜಿ ನಿಂತಿತು.

“ನಿಮ್ಮ ಹೆಸರಿಗೆ ಮಸಿ ಬಳಿದೆ ಸರ್. ಇದನ್ನ ಇಟ್ಕೊಳ್ಳೋ ಯೋಗ್ಯತೆ ನಂಗಿಲ್ಲ.”

ಅವನು ಚೀಲದಿಂದ ಮಾಸಿದ ಬಿಳಿ ಅಂಗಿಯೊಂದನ್ನು ತೆಗೆದು ಅವರ ಪಾದದ ಬಳಿ ಇಟ್ಟ. ಹದಿನಾಲ್ಕನೇ ವಯಸ್ಸಿನಲ್ಲಿ ಇದೇ ಮೈದಾನದಲ್ಲಿ ಅವನ ಮೊದಲ ಓವರ್ ಮುಗಿದ ಕೂಡಲೇ ಕೋಚ್ ತಾವೇ ತೊಡಿಸಿದ್ದ ಅಂಗಿ ಅದು.

“ಎಷ್ಟೇ ಸೆಕೆ ಇದ್ರೂ ತೋಳು ಏರಿಸ್ಬೇಡ ಅಂದಿದ್ರಿ. ಏರಿಸ್ಲಿಲ್ಲ. ಇದು ಚಿಕ್ಕದಾದ ಮೇಲೂ ತುಂಬುತೋಳಿಂದೇ ಹಾಕ್ದೆ. ನಿಮ್ಮ ಆಶೀರ್ವಾದ ಅಂತ.”

ಕೋಚ್ ಕಾಲು ಹಿಂದಕ್ಕೆ ಎಳೆದುಕೊಂಡರು.

“ಆಶೀರ್ವಾದ ಅಲ್ಲ ಕಣೋ. ಅವತ್ತು ನಿನ್ನ ಮೊಣಕೈ ನೋಡೇ ಕೊಟ್ಟಿದ್ದು.”