ಅಡುಗೆಮನೆಯ ಗಡಿ

ಫ್ರಾನ್ಸಿನ ರಾಯಭಾರಿ ಊಟಕ್ಕೆ ಬರುವ ಹೊತ್ತು ಹತ್ತಿರವಾಗಿತ್ತು, ಒಲೆ ಮಾತ್ರ ತಣ್ಣಗಿತ್ತು. ವಿಕ್ಟೋರಿಯಾ ರಾಣಿಯ ವಿದೇಶಾಂಗ ಮಂತ್ರಿ ಲಾರ್ಡ್ ಹ್ಯಾವರ್ಬಿ ತಾವೇ ನೆಲಮಾಳಿಗೆಗೆ ಇಳಿದು ಅಡುಗೆಮನೆಯ ಬಾಗಿಲು ತಟ್ಟಿದರು. ತಟ್ಟದೆ ಒಳಗೆ ಕಾಲಿಡುವ ಹಾಗಿರಲಿಲ್ಲ. ಮನೆಯೆಲ್ಲ ಯಜಮಾನರದಾದರೂ ಅಡುಗೆಮನೆ ಅಡುಗೆಯವಳದು. ಲಂಡನ್ನಿನ ದೊಡ್ಡ ಮನೆಗಳ ಕಟ್ಟಳೆಯೇ ಹಾಗೆ.

ಮಿಸೆಸ್ ಪ್ರೌಟ್ ಸೌಟು ಹಿಡಿದು ಕುರ್ಚಿಯಲ್ಲಿ ಬಿಮ್ಮನೆ ಕೂತಿದ್ದಳು. ಮದುವೆಯ ಗಾಳಿಯೂ ಅವಳಿಗೆ ಸೋಕಿರಲಿಲ್ಲ. ಅಡುಗೆಯವಳೆಂದ ಮೇಲೆ ಮಿಸೆಸ್ ಅನ್ನಲೇಬೇಕು, ಎಲ್ಲರೂ ಅನ್ನುತ್ತಿದ್ದರು.

"ನಿಮ್ಮತ್ತೆಯೋರು ಬಾಗ್ಲು ತಟ್ಟದೆ ನುಗ್ಗಿದ್ರು, ದೊರೆ. ನನ್ನ ಸೂಪಿಗೆ ಬೆರಳದ್ದಿ ನೆಕ್ಕಿ, ಮೇಲೊಂದು ಹಿಡಿ ಉಪ್ಪು ಸುರಿದ್ರು. ಅವ್ರು ಕ್ಷಮೆ ಕೇಳೋವರ್ಗೂ ನಾನು ಒಲೆ ಹಚ್ಚಲ್ಲ."

"ವಯಸ್ಸಾಗಿದೆ ಕಣಮ್ಮ, ಬಿಟ್ಟಾಕು," ಎಂದರು ಹ್ಯಾವರ್ಬಿ, ಮೇಲಕ್ಕೆ ಕೇಳಿಸೀತೆಂದು ದನಿ ತಗ್ಗಿಸಿ. ಊಟ ಕೆಟ್ಟರೆ ರಾಯಭಾರಿ ಮುನಿಯುತ್ತಾನೆ, ಅವನು ಮುನಿದರೆ ಒಪ್ಪಂದಕ್ಕೆ ಸಹಿ ಬೀಳುವುದಿಲ್ಲ, ಎರಡು ವರ್ಷದ ಓಡಾಟ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಗುತ್ತದೆ.

"ಅದ್ಯಾವ್ದೋ ದ್ವೀಪದಲ್ಲಿ ನಮ್ಮ ವ್ಯಾಪಾರಿಯೊಬ್ಬನ ಟೋಪಿ ಸಮುದ್ರಕ್ಕೆಸೆದ್ರು ಅಂತ ತೋಪಿನ ಹಡಗು ಕಳ್ಸಿದೋರು ನೀವು. ನಮ್ಮ ಪ್ರಜೆ ಎಲ್ಲೇ ಇರ್ಲಿ, ಅವನ ಮಾನ ನನ್ನ ಮಾನ ಅಂತ ಭಾಷಣ ಮಾಡಿದ್ರಂತೆ. ನಾನೇನು ಬೇರೆ ದೇಶದೋಳಾ?"

ಆ ಭಾಷಣಕ್ಕೆ ಪಾರ್ಲಿಮೆಂಟೇ ಕೂಗಿ ಕೊಂಡಾಡಿತ್ತು. ಅದು ಮೆಟ್ಟಿಲಿಳಿದು ಅಡುಗೆಮನೆಗೂ ಬಂದೀತೆಂದು ಪಾಪ, ಅವರು ಎಣಿಸಿರಲಿಲ್ಲ. ಅತ್ತೆಯನ್ನು ಕಾಣಲು ಮಹಡಿ ಹತ್ತಿದರು.

ಅತ್ತೆ ಲೇಡಿ ಆರ್ಬೆಲಾ ತಮ್ಮ ನಾಯಿಗೆ ಬಿಸ್ಕತ್ತು ತಿನ್ನಿಸುತ್ತಿದ್ದರು.

"ಅತ್ತೆಯವರೇ, ಒಂದು ಮಾತು. ಆ ಬಾಗಿಲಿನ ವಿಷಯ... ನೀವು ಒಂಚೂರು ಕ್ಷಮೆ..."

"ಯಾರಿಗೆ?" ಲೇಡಿ ಆರ್ಬೆಲಾ ಕನ್ನಡಕ ಸರಿಪಡಿಸಿಕೊಂಡು ನೋಡಿದರು.

ಹಡಗು ಕಳಿಸಿ ರಾಜರನ್ನೇ ನಡುಗಿಸಿದ ಹ್ಯಾವರ್ಬಿ ಆ ಒಂದು ಮಾತಿಗೆ ಎರಡು ಹೆಜ್ಜೆ ಹಿಂದೆ ಸರಿದರು.

"ಯಾರಿಗೂ ಇಲ್ಲ. ನಾಯಿ ಸೌಖ್ಯವೇ ಅಂತ ಕೇಳಿಹೋಗೋಣ ಅಂತ ಬಂದೆ."

"ಸೌಖ್ಯ. ನಿಮ್ಮನೆ ಸೂಪು ಅದಕ್ಕೂ ಸೇರಲ್ಲ, ಅಳಿಯಂದಿರೇ."

ಇಳಿಯುವಾಗ ಮೆಟ್ಟಿಲ ತಿರುವಿನಲ್ಲಿ ನಿಂತು ಹಣೆ ಒರೆಸಿಕೊಂಡರು. ಹೊರಗೆ ಕುದುರೆಗಾಡಿಯ ಸದ್ದು ಕೇಳಿದಾಗಲೆಲ್ಲ ರಾಯಭಾರಿಯೇ ಬಂದನೆಂದು ಕಿಟಕಿಯಲ್ಲಿ ಇಣುಕುತ್ತಿದ್ದರು. ಕೋಟು ಸರಿಮಾಡಿಕೊಂಡು, ಮುಖಕ್ಕೆ ಗೆದ್ದು ಬಂದವರ ಕಳೆ ತಂದುಕೊಂಡು ಮತ್ತೆ ಬಾಗಿಲು ತಟ್ಟಿದರು.

"ಅತ್ತೆಯವರು ತುಂಬ ನೊಂದ್ಕೊಂಡ್ರು, ಮಿಸೆಸ್ ಪ್ರೌಟ್. ಕ್ಷಮೆ ಕೇಳಿದ್ದಾರೆ. ಕಣ್ಣಲ್ಲಿ ನೀರು ಹಾಕ್ಕೊಂಡ್ರು."

ಮಿಸೆಸ್ ಪ್ರೌಟ್ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಅವಳಿಗೆ ಅಯ್ಯೋ ಅನ್ನಿಸಿತು. ಎದ್ದು ಕಲ್ಲಿದ್ದಲು ಸುರಿದು ಒಲೆ ಹಚ್ಚಿದಳು. ಊದುತ್ತಲೇ, ತಿರುಗಿ ನೋಡದೆ ಕೇಳಿದಳು:

"ಆ ದ್ವೀಪದ ರಾಜ ಅಳ್ತಾ ಕಾಲಿಗೆ ಬಿದ್ದ ಅಂತ ಪೇಪರಲ್ಲಿ ಬಂದಿತ್ತಲ್ಲ, ದೊರೆ. ಅವನೂ ಹಿಂಗೇ ಅತ್ತಿದ್ದಾ?"